ಬೆನ್ನ ಹಿಂದಿನ ಹಾರ್ಮೆನ್
ಹೋದ ಚಳಿಗಾಲದಿಂದ ಹಾರ್ಮೆನ್ ಒಂದು ದಿನವೂ ಮುಂದೆ ಬಂದು ಎದುರುಗಾಳಿಗೆ ಎದೆ ಕೊಟ್ಟಿಲ್ಲ ಎಂಬ ಸಿಟ್ಟು ವೀಬೆಗೆ ಇನ್ನೂ ಇದೆ. ಫ್ರೀಸ್‌ಲಾಂಡಿನ ಕಾಲುವೆ ದಂಡೆಯಲ್ಲಿ ಚೀಸ್ ಕಾರ್ಖಾನೆಗೆ ಸೈಕಲ್ ತುಳಿಯುವಾಗ ಗೆಳೆಯರಿಬ್ಬರೂ ಸರದಿಯಂತೆ ಮುಂದಿದ್ದು ಗಾಳಿ ತಡೆಯಬೇಕು. ಹಾರ್ಮೆನ್ ಮಾತ್ರ ಸದಾ ವೀಬೆಯ ಬೆನ್ನ ಮರೆಯಲ್ಲೇ. ನೆಗಡಿಗೂ ಅತ್ತೆಯ ಕಾಟಕ್ಕೂ ಅವನದು ಒಂದೇ ಮದ್ದು, ಸೈಕಲ್. "ತುಳಿದ್ರೆ ತಲೆ ಹಗುರಾಗುತ್ತೆ ಕಣೋ. ಕಷ್ಟದ ಕೆಲಸ ಬೆಳಿಗ್ಗೆನೇ ಮುಗಿಸಿಬಿಡ್ಬೇಕು." "ಹಾಗಾದ್ರೆ ಮುಂದೆ ಬಾರೋ ಮೈಗಳ್ಳ," ಎಂದು ವೀಬೆ ಬೈದ. ಆದರೆ ಸಂಜೆ ಮನೆಗೆ ಮರಳುವಾಗ ಗಾಳಿ ಬೆನ್ನಿಗಿದ್ದು, ಮರೆ ಬೇಕಿಲ್ಲದಾಗಲೂ ಅವನು ಹಿಂದೆಯೇ ಉಳಿದದ್ದು ಕಂಡು ವೀಬೆಯ ಗುಮಾನಿ ಬಲಿಯಿತು. "ಏನೋ ನಿನ್ನ ಮಸಲತ್ತು?" ಎಂದು ಗದರಿದ. "ಹೋದ ಚಳಿಗಾಲ ನೀನು ತಲೆ ಸುತ್ತಿ ಕಾಲುವೆಗೆ ಬಿದ್ದ ದಿನ ನಾನು ಮುಂದಿದ್ದೆ. ನೀನು ಬಿದ್ದದ್ದು ನನಗೆ ಗೊತ್ತೇ ಆಗ್ಲಿಲ್ಲ," ಎಂದ ಹಾರ್ಮೆನ್. ವೀಬೆ ಮುಂದಕ್ಕೆ ತಿರುಗಿ ಪೆಡಲ್ ತುಳಿದ. ಬೆನ್ನು ಕಾಯುತ್ತಿರುವ ಆ ಋಣ ಇನ್ನೂ ತೀರಿಲ್ಲ. ತಾನೂ ಹಿಂದಿದ್ದು ತೀರಿಸೋಣವೆಂದರೆ ಹಾರ್ಮೆನ್ ಮುಂದೆ ಬರುವುದೇ ಇಲ್ಲ.