ಇಬ್ಬರ ಉತ್ತರದಲ್ಲಿ ಒಂದೇ ವಾಕ್ಯ

ನಕಲು ಮಾಡಿ ಸಿಕ್ಕಿಬಿದ್ದ ಗೆಳತಿಯ ಪರವಾಗಿ ನಾನು ಕೊನೆಯವರೆಗೂ ವಾದಿಸಿದೆನಂತೆ. ಪುತ್ತೂರಿನ ನಮ್ಮ ಕಾಲೇಜಿನಲ್ಲಿ ಈಗಲೂ ಹೀಗೇ ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ನನಗಂತೂ ಲಾಭವೇ. ಆದರೆ ಅವಳು ನಕಲು ಮಾಡಿದ್ದಕ್ಕೆ ಪುರಾವೆ ಏನು? ಅವಳೇ ಒಪ್ಪಿಕೊಂಡಳು ಎನ್ನುವುದೊಂದೇ. ಚರ್ಚಾಸ್ಪರ್ಧೆಯಲ್ಲಿ ಇಷ್ಟನ್ನೇ ಪುರಾವೆ ಎಂದು ಮುಂದಿಟ್ಟವರ ಬಾಯಿಯನ್ನು ನಾನು ಎಷ್ಟೋ ಸಲ ಮುಚ್ಚಿಸಿದ್ದೇನೆ.

ಅವಳು ಕಡಬದವಳು, ನಾನು ಸುಳ್ಯದ ಮಂಡೆಕೋಲಿನವಳು. ಹಾಸ್ಟೆಲಿನಲ್ಲಿ ಒಂದೇ ಕೋಣೆ. ಎಂ.ಎ. ಪ್ರವೇಶಕ್ಕೆ ಕಾಲೇಜು ಕೊಡುವ ಉಚಿತ ತರಬೇತಿಗೆ ಸೇರಬೇಕಿದ್ದರೆ ಇಂಗ್ಲಿಷ್ ಪದಸಂಪತ್ತಿನ ಪರೀಕ್ಷೆ ಪಾಸಾಗಬೇಕಿತ್ತು. ಅದು ಸಿಕ್ಕಿದರೆ ಮಾತ್ರ ಮುಂದೆ ಓದು ಎಂದು ಅವಳ ಮನೆಯಲ್ಲಿ ಮಾತಾಗಿತ್ತು. ಸಂಜೆ ಬಟ್ಟೆ ಒಗೆಯುತ್ತ ಕಲಿಯುತ್ತಿದ್ದೆವು. ಒಬ್ಬಳು ಪದದ ಅರ್ಥ ಹೇಳಿದರೆ ಇನ್ನೊಬ್ಬಳು ಸಮಾನಾರ್ಥಕ. ಆಮೇಲೆ ತಲಾ ಒಂದು ವಾಕ್ಯ. ಚೆನ್ನಾಗಿದ್ದುದನ್ನು ಇಬ್ಬರೂ ಬಾಯಿಪಾಠ ಮಾಡುವುದು.

‘ಆಂಬಿವಲೆಂಟ್’ ಬಂತು. ಒಂದೇ ವಿಷಯದಲ್ಲಿ ಎರಡು ಮನಸ್ಸಿರುವುದು. ನಾನು ಸಂಸತ್ತು, ಮಸೂದೆ ಎಂದು ಏನೋ ಕಟ್ಟಿದೆ.

“ಎಂತ ಮಾರಾಯ್ತಿ, ನಿನ್ನ ವಾಕ್ಯದಲ್ಲಿ ಮನುಷ್ಯರೇ ಇಲ್ವಲ್ಲ,” ಎಂದು ನಕ್ಕು ತನ್ನದನ್ನು ಇಂಗ್ಲಿಷಿನಲ್ಲಿ ಹೇಳಿದಳು: ಅಪ್ಪ ದುಬೈಯಿಂದ ಬರುತ್ತಾರೆಂದರೆ ನನ್ನ ಅಮ್ಮ ಆಂಬಿವಲೆಂಟ್, ಅವರ ಅಂಗಿಗಳನ್ನು ಬಿಸಿಲಿಗೆ ಹಾಕುತ್ತಾರೆ, ಚಾವಡಿಯಲ್ಲಿಟ್ಟ ತಮ್ಮ ಹೊಲಿಗೆ ಮಿಷನನ್ನು ಮಾತ್ರ ಒಳಗೆ ಸಾಗಿಸುವುದಿಲ್ಲ.

ಪರೀಕ್ಷೆಯಲ್ಲೂ ಆ ಪದ ಬಂತು. ಬಾಯಿಪಾಠವಾಗಿದ್ದ ಅವಳ ವಾಕ್ಯವನ್ನೇ ನಾನೂ ಬರೆದೆ. ಅದು ಯಾರ ಮನೆಯ ವಾಕ್ಯ ಎಂಬ ಯೋಚನೆಯೇ ಬರೆಯುವಾಗ ನನಗೆ ಬರಲಿಲ್ಲ. ನನ್ನ ಅಪ್ಪ ರಬ್ಬರ್ ಟ್ಯಾಪಿಂಗ್ ಮಾಡುವವರು, ನಮ್ಮ ಕಡೆಯ ಕಲ್ಲುಗುಂಡಿ ಪೇಟೆ ದಾಟಿದ್ದೇ ಅಪರೂಪ.

ಅಧ್ಯಾಪಕರು ನಮ್ಮಿಬ್ಬರನ್ನೂ ಕರೆಸಿ ಉತ್ತರಪತ್ರಿಕೆಗಳನ್ನು ಅಕ್ಕಪಕ್ಕ ಇಟ್ಟರು. “ಯಾರದ್ದು ಯಾರು ನೋಡಿದ್ದು?”

“ಯಾರೂ ನೋಡ್ಲಿಲ್ಲ ಸರ್,” ಎಂದೆ ನಾನು. “ಒಟ್ಟಿಗೆ ಕಲಿತದ್ದು. ನೆನಪಿನಿಂದ ಬರೆದ್ರೆ ನಕಲು ಹೇಗೆ ಆಗ್ತದೆ? ಹಾಗಾದ್ರೆ ಪದದ ಅರ್ಥವನ್ನು ಇಡೀ ಕ್ಲಾಸು ಒಂದೇ ಥರ ಬರೆದದ್ದು ಎಂತ?”

“ಭಾಷಣ ಸಾಕು. ಒಬ್ಬರು ಒಪ್ಪಿಕೊಳ್ಳಿ, ಇಲ್ಲದಿದ್ರೆ ಇಬ್ಬರದ್ದೂ ಸೊನ್ನೆ.”

ನಾನು ಮುಂದಿನ ವಾದಕ್ಕೆ ಉಸಿರೆಳೆದುಕೊಂಡೆ. ಅವಳು ಒಮ್ಮೆ ನನ್ನತ್ತ ತಿರುಗಿ, “ನಾನು ಸರ್. ನಾನೇ ನೋಡಿ ಬರೆದದ್ದು,” ಎಂದಳು.

ತನ್ನ ಅಮ್ಮನನ್ನು ನನ್ನ ಪತ್ರಿಕೆಯಿಂದ ನಕಲು ಮಾಡಿದಳಂತೆ! ಸುಳ್ಳು ಸರ್, ವಾಕ್ಯ ಅವಳದ್ದೇ ಎಂದೆ. “ಫ್ರೆಂಡನ್ನು ಬಿಟ್ಟುಕೊಡುದಿಲ್ಲ ನೀನು, ಒಳ್ಳೇದು,” ಎನ್ನುತ್ತ ಅವರು ನನ್ನ ಪತ್ರಿಕೆಗೆ ಸಹಿ ಹಾಕಿದರು. ತರಬೇತಿ ನನಗೆ ಸಿಕ್ಕಿತು. ಅವಳ ಓದು ಅಲ್ಲಿಗೆ ನಿಂತಿತು.

ಯಾರ ಕತೆಯಲ್ಲೂ ಇಲ್ಲದ ಒಂದು ಸಂಗತಿ ಉಂಟು. ಅವಳು ಒಪ್ಪಿಕೊಂಡಾಗ, ಸುಳ್ಳು ಎಂದು ನಾನು ಕೂಗುವ ಮೊದಲು, ನನಗೆ ಹಾಯೆನಿಸಿತ್ತು. ಗೆಳತಿಯ ಪರ ನಿಂತವಳು ಎಂದು ಯಾರಾದರೂ ಹೊಗಳಿದರೆ ಈಗಲೂ ತಲೆ ತಗ್ಗುತ್ತದೆ.

ಹೋದ ತಿಂಗಳು ಕಡಬದಲ್ಲಿ ಅವಳ ದೊಡ್ಡಪ್ಪನ ಚಪ್ಪಲಿ ಅಂಗಡಿಗೆ ಹೋದೆ. ಈಗ ಅವಳು ಅಲ್ಲಿ ಕೂರುತ್ತಾಳೆ.

“ಬಾ ಮಾರಾಯ್ತಿ, ಎಂ.ಎ. ಮುಗೀತಾ? ಡಿಸ್ಕೌಂಟ್ ಕೊಡುದಿಲ್ಲ ಆಯ್ತಾ, ವಾದ ಮಾಡ್ಬೇಡ.”

ಗಿರಾಕಿಗಳು ಹೊರಟ ಮೇಲೆ ಕೇಳಿದೆ:

“ಅವತ್ತು ಒಪ್ಪಿಕೊಳ್ಳುವ ಮೊದಲು ನೀನು ನನ್ನನ್ನು ನೋಡಿದ್ಯಲ್ಲ, ಆಗ ನನ್ನ ಮುಖದಲ್ಲಿ ನಿನಗೆ ಎಂತ ಕಂಡಿತು?”