ಕೊನೆಯ ಹಿಂಡಿನ ನೀರು

ಬೇಸಿಗೆಯಲ್ಲಿ ನಮ್ಮ ಕಡೆಯ ಕುರಿಯವರು ಒಂಟಿಯಾಗಿ ಹೊರಡುವುದಿಲ್ಲ. ನಾಲ್ಕೈದು ಮನೆಯ ಹಿಂಡುಗಳು ಕೂಡಿ ನಡೆಯುತ್ತವೆ. ತೋಳಕ್ಕೂ ಹೊಲದವರ ಬೈಗುಳಕ್ಕೂ ಕೂಡಿದ್ದರೇ ಧೈರ್ಯ. ಆದರೆ ಕೂಡಿದ ಮಾತ್ರಕ್ಕೆ ಎಲ್ಲರೂ ಸಮ ಆಗುವುದಿಲ್ಲ. ಕೆರೆ ಕಂಡಾಗ ಮೊದಲು ಇಳಿಯುವುದು ದೊಡ್ಡ ಹಿಂಡು, ಆಮೇಲೆ ಅದಕ್ಕಿಂತ ಸಣ್ಣದು. ದೋರನಹಳ್ಳಿಯ ನಮ್ಮ ಹಿಂಡು ಎಲ್ಲಕ್ಕೂ ಸಣ್ಣದು. ನಮ್ಮ ಸರದಿ ಬರುವಷ್ಟರಲ್ಲಿ ನೀರು ರಾಡಿಯಾಗಿರುತ್ತಿತ್ತು. ಸೆರಗಿನಲ್ಲಿ ಸೋಸಿ ಕುಡಿದರೂ ಹಲ್ಲಿಗೆ ಮಣ್ಣು ಸಿಗುತ್ತಿತ್ತು.

ಈ ರುಚಿಯಿಂದಲೇ ನಾನು ಲೋಕವನ್ನು ಅಳೆಯುತ್ತಿದ್ದೆ. ನನ್ನ ತಮ್ಮನಿಗೆ ನಾನು ಯಾಕೆ ಹಾಗೆ ಮಾಡಿದೆ ಎಂಬುದು ತಿಳಿಯಬೇಕಾದರೆ ಮೊದಲು ಇದು ತಿಳಿದಿರಬೇಕು.

ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಹಿಂಡು ನೋಡಿಕೊಂಡವಳು ನಾನು. ಅಪ್ಪ ಇರಲಿಲ್ಲ, ಅವ್ವನಿಗೆ ಕಣ್ಣು ಮಂಜು. ನಾನು ಕಲಿತದ್ದು ಎರಡನೆಯ ತರಗತಿ, ಅದೂ ಉರ್ದುವಿನಲ್ಲಿ. ಕನ್ನಡ ಓದಲು ಬರೆಯಲು ಆಮೇಲೆ ನಾನೇ ಕಲಿತೆ. ತಮ್ಮ ಹಾಗಲ್ಲ. ಶಹಾಪುರ, ಯಾದಗಿರಿ ಮುಗಿಸಿ ಹೈದರಾಬಾದಿನ ವಿಶ್ವವಿದ್ಯಾಲಯಕ್ಕೆ ಹೋದ. ಅಲ್ಲಿ ರಸಾಯನಶಾಸ್ತ್ರ ಓದಿದ. ರಜೆಗೆ ಬಂದರೆ ಊರೂರಿನ ಬಾವಿಯ ನೀರನ್ನು ಸೀಸೆಯಲ್ಲಿ ತುಂಬಿಕೊಳ್ಳುತ್ತಿದ್ದ. ಅವನ ಟ್ರಂಕು ಹೊತ್ತ ಗಾಡಿಯವನು, ಪಟ್ಟಣದಲ್ಲಿ ನೀರು ಸಿಗುವುದಿಲ್ಲವೇನೋ ಎಂದು ನಕ್ಕಿದ್ದ.

ನಿಜಾಮರ ಆಳ್ವಿಕೆಯ ಕೊನೆಗಾಲ ಅದು. ಒಂದು ಬೇಸಿಗೆ ತಮ್ಮ ಹೊಸ ಸುದ್ದಿ ತಂದ. ಬರೀ ಪಾಠ ಹೇಳುವುದಲ್ಲದೆ ಹೊಸದನ್ನು ಹುಡುಕುವ ಕೆಲವು ವಿಶ್ವವಿದ್ಯಾಲಯಗಳು ದೇಶದಲ್ಲಿ ಒಂದು ಕೂಟ ಕಟ್ಟಿಕೊಂಡಿವೆಯಂತೆ. ಒಬ್ಬರ ಪದವಿಯನ್ನು ಇನ್ನೊಬ್ಬರು ಒಪ್ಪಬೇಕು, ಒಳ್ಳೆಯ ವಿದ್ಯಾರ್ಥಿಗಳನ್ನು ಒಬ್ಬರಲ್ಲಿಂದ ಇನ್ನೊಬ್ಬರಲ್ಲಿಗೆ ಸಂಶೋಧನೆಗೆ ಕಳಿಸಬೇಕು. ಉರ್ದುವಿನಲ್ಲಿ ಕಲಿಸುತ್ತಾರೆಂದು ಹೊರಗಿನವರು ತಮ್ಮನ ವಿಶ್ವವಿದ್ಯಾಲಯದ ಕಡೆ ಮೊದಲು ಮೂಗು ಮುರಿಯುತ್ತಿದ್ದರಂತೆ; ಈಗ ಕೂಟದಲ್ಲಿ ಸೇರಿಸಿಕೊಂಡಿದ್ದಾರೆ. ಅಲ್ಲಿಂದ ಹೊರಗೆ ಹೋಗಲು ರಸಾಯನಶಾಸ್ತ್ರದ ಮೇಷ್ಟ್ರು ಇವನನ್ನೇ ಆರಿಸಿದ್ದರು.

ನಾನು ಕೇಳಿದ ಮೊದಲ ಮಾತೇ, ಅವುಗಳಲ್ಲಿ ದೊಡ್ಡದು ಯಾವುದು ಎಂದು.

ಅವನು ತಲೆ ಕೆರೆದುಕೊಂಡ. ವಯಸ್ಸು ನೋಡಿದರೆ ಒಂದು, ಹುಡುಕಿದ್ದನ್ನು ನೋಡಿದರೆ ಇನ್ನೊಂದು, ಕಟ್ಟಡ ನೋಡಿದರೆ ನಮ್ಮದೇ ಎಂದ. ನೀನು ಹೋಗುವುದು ಎಲ್ಲಿಗೆ ಎಂದೆ. ದಕ್ಷಿಣದ ಒಂದು ಊರಿನ ಹೆಸರು ಹೇಳಿದ. ಅಲ್ಲಿಯ ವಿಶ್ವವಿದ್ಯಾಲಯ ಕೂಟದಲ್ಲಿ ಎಲ್ಲಕ್ಕೂ ಸಣ್ಣದು, ಎಲ್ಲಕ್ಕೂ ಹೊಸದು. ಉಪ್ಪುನೀರು, ಕರಿಮಣ್ಣು ಇವನ್ನೇ ಜನ್ಮವಿಡೀ ನೋಡಿದ ಒಬ್ಬ ಪಂಡಿತರು ಅಲ್ಲಿದ್ದರು.

"ಬಾಲಕ್ಕ ನಿಂತು ರಾಡಿ ಕುಡಿಯೋದು ಸಾಕಾಗಿಲ್ಲೇನೋ ನಿನಗ?" ಎಂದೆ.

"ಅದು ಕೆರಿ ಮಾತಕ್ಕಾ. ಒರತಿಯೊಳಗ ಮೊದಲ ಬಂದವರಿಗೇ ರಾಡಿ. ತೋಡಿದವಳು ನೀನು, ನಿನಗ ಗೊತ್ತಿಲ್ಲೇನು?"

ಗೊತ್ತಿತ್ತು. ಭೀಮೆ ಬತ್ತಿದಾಗ ಮರಳಿನಲ್ಲಿ ಒರತೆ ತೋಡುವವಳು ನಾನೇ. ಮೊದಲು ಬರುವ ನೀರು ಕದಡಿರುತ್ತದೆ. ಅದನ್ನು ತೆಗೆದು ಕಾದರೆ ತಿಳಿನೀರು ಒಸರುತ್ತದೆ. ಆದರೂ ನನಗೆ ಸಮಾಧಾನ ಆಗಲಿಲ್ಲ. ವಿಚಾರಿಸಲು ಹೊರಟೆ. ಸುರಪುರದ ಸಂತೆಯಲ್ಲಿ ಉಣ್ಣೆ ಕೊಳ್ಳುವ ಸಾಹುಕಾರನನ್ನು ಕೇಳಿದೆ. ತನ್ನ ಅಳಿಯ ಓದಿದ್ದೇ ಮೊದಲನೆಯದು ಎಂದ. ಶಹಾಪುರದ ಕಚೇರಿಯ ಮುಂದೆ ಒಬ್ಬ ವಕೀಲರನ್ನು ಕೇಳಿದೆ. ಅವರು ತಾವು ಓದಿದ್ದನ್ನು ಮೊದಲಿಟ್ಟರು. ಯಾದಗಿರಿ ಸ್ಟೇಷನ್ನಿನ ಚಹಾದವನು, ರೈಲು ಎಷ್ಟು ದೂರ ಹೋಗುತ್ತದೋ ಅಷ್ಟು ದೊಡ್ಡದು ಎಂದು ತೀರ್ಪು ಕೊಟ್ಟ. ಮೊದಲನೆಯದು ಯಾವುದೆಂದು ಮೂವರೂ ಜಗಳಾಡಬಹುದಿತ್ತು. ಕೊನೆಯದು ಯಾವುದೆಂಬುದರಲ್ಲಿ ಮಾತ್ರ ಒಂದೇ ಮಾತು. ದಕ್ಷಿಣದ ಆ ಹೆಸರನ್ನು ಅವರ್ಯಾರೂ ಕೇಳಿಯೇ ಇರಲಿಲ್ಲ. ನನಗೆ ಅಷ್ಟೇ ಸಾಕಾಯಿತು.

ಹಿಂದಿನ ಸಲ ಬೇರೆ ಕಡೆಯಿಂದ ಹೋದ ವಿದ್ಯಾರ್ಥಿಯೊಬ್ಬನನ್ನು ಮನೆಯವರು ನಡುವೆಯೇ ಮದುವೆಗೆಂದು ಎಳೆದು ತಂದಿದ್ದರಂತೆ. ಕೂಟದವರಿಗೆ ಅದರಿಂದ ಬೇಸರವಾಗಿತ್ತು. ಅದಕ್ಕೇ ಮೇಷ್ಟ್ರು, ಮನೆಯ ಹಿರಿಯರ ಬಾಯಿಂದಲೇ ಒಪ್ಪಿಗೆ ಕೇಳುತ್ತೇನೆ ಎಂದಿದ್ದರು. ಅವರು ದಕ್ಷಿಣದ ಕಡೆ ಹೋಗುವ ರೈಲು ಯಾದಗಿರಿಯಲ್ಲಿ ನಿಲ್ಲುತ್ತಿತ್ತು. ಹಿರಿಯಳು ನಾನು. ನಾನು ಸ್ಟೇಷನ್ನಿಗೆ ಹೋದರೆ ಹಿಂಡಿಗೆ ಯಾರು? ಕುರಿಗಳಿಗೆ ಬಾಯಿಹುಣ್ಣಿನ ಬೇನೆ ಬಿದ್ದಿತ್ತು, ಬಿಟ್ಟು ಬರುವ ಹಾಗಿರಲಿಲ್ಲ. ತಮ್ಮ ನನ್ನ ಕೋಲು ಇಸಿದುಕೊಂಡ.

"ಹೂಂ ಅಂದು ಬಾ ಅಕ್ಕಾ. ಅಷ್ಟೇ."

ಮೇಷ್ಟ್ರು ವಯಸ್ಸಾದವರು, ಶೇರವಾನಿ ತೊಟ್ಟವರು. ನನ್ನನ್ನು ಕಂಡು ಗಾಡಿಯಿಂದ ಕೆಳಗಿಳಿದು ನಿಂತರು. ತಮ್ಮನನ್ನು ತುಂಬಾ ಹೊಗಳಿದರು. ಸಂತೆಯ ಉರ್ದು ನನಗೆ ಬರುತ್ತಿತ್ತು. ಅದರಲ್ಲೇ, ಅವನನ್ನು ಎಲ್ಲಕ್ಕಿಂತ ದೊಡ್ಡದಕ್ಕೆ ಕಳಿಸಿ ಎಂದೆ. ಅವನ ಕೆಲಸ ಬಲ್ಲವರು ಅಲ್ಲಿ ಇಲ್ಲ, ಈ ಸಣ್ಣದರಲ್ಲಿದ್ದಾರೆ ಎಂದು ಅವರು ತಾಳ್ಮೆಯಿಂದ ತಿಳಿಸಿದರು. ಹಾಗಾದರೆ ಬೇಡ ಎಂದುಬಿಟ್ಟೆ.

ಉಣ್ಣೆಯ ವ್ಯಾಪಾರದಲ್ಲಿ ನಾವು ಮೊದಲು ಬೇಡ ಎನ್ನುತ್ತೇವೆ. ಸಾಹುಕಾರ ನಾಲ್ಕು ಹೆಜ್ಜೆ ಹೋಗಿ ತಿರುಗಿ ಬರುತ್ತಾನೆ. ಮೇಷ್ಟ್ರೂ ತಿರುಗಿ ಬರುತ್ತಾರೆ ಎಂದು ಬಿಗಿಯಾಗಿ ನಿಂತೆ. ಅವರು ಮತ್ತೆ ಗಾಡಿ ಹತ್ತಿ, ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ಬಾಯಿ ಬಿಚ್ಚಲಿ ಎಂದು ಅವರು ಕಾದರು, ಅವರು ದೊಡ್ಡದರ ಹೆಸರು ಹೇಳಲಿ ಎಂದು ನಾನು ಕಾದೆ. ಗಾಡಿ ಹೊರಟಿತು.

ಹಿಂಡಿಗೆ ಮರಳಿದಾಗ ತಮ್ಮ ಒಂದು ಕುರಿಯ ಬಾಯಿ ತೊಳೆಯುತ್ತಿದ್ದ. ಏನಂದರು ಎಂದು ಕೇಳಿದ. ಜಾಗ ಬೇರೆ ಯಾರಿಗೋ ಹೋಯಿತಂತೆ ಎಂದೆ. ದಾರಿಯುದ್ದಕ್ಕೂ ನಿಜ ಹೇಳಬೇಕೆಂದೇ ನಡೆದು ಬಂದಿದ್ದೆ. ಅವನ ಕೈ ನೋಡಿದ ಮೇಲೆ ಆಗಲಿಲ್ಲ. ಅವನು ಕುರಿಯ ಬಾಯಿ ತೊಳೆಯುವುದನ್ನು ಮುಗಿಸಿ, ಇನ್ನೊಂದನ್ನು ಹಿಡಿದುಕೊಂಡ. ಮತ್ತೆ ಕೇಳಲಿಲ್ಲ. ಮುಂದೆ ಶಹಾಪುರದಲ್ಲಿ ಮಕ್ಕಳಿಗೆ ಪಾಠ ಹೇಳಲು ಸೇರಿದ. ನೀರಿನ ಸೀಸೆಗಳು ಅಟ್ಟ ಸೇರಿದವು.

ಮುಂದಿನ ಬೇಸಿಗೆ ಹಿಂಡುಗಳು ಭೀಮೆಯ ಮರಳಿಗೆ ಇಳಿದಾಗ ನಾನು ಒರತೆ ತೋಡಿದೆ. ದೊಡ್ಡ ಹಿಂಡಿನವರು ರೂಢಿಯಂತೆ ಮುಂದೆ ಬಂದರು, ಕದಡಿದ್ದನ್ನು ಮೊಗೆದು ಕುಡಿಸಿ ಹೋದರು. ನಮ್ಮ ಸರದಿಗೆ ಕುಣಿಯ ತಳದ ಮರಳು ಎಣಿಸುವಷ್ಟು ತಿಳಿಯಾಗಿತ್ತು. ಹೀಗಾಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೆ. ಅವತ್ತು ಮಾತ್ರ ಬೊಗಸೆಗೆ ತೆಗೆದ ನೀರನ್ನು ಕುಡಿಯದೆ ಮರಳಿಗೆ ಚೆಲ್ಲಿದೆ.

ಹಿಂಡನ್ನು ಪಕ್ಕದ ಹಿಂಡಿನವರಿಗೆ ಒಪ್ಪಿಸಿ ನಡೆದೇ ಶಹಾಪುರಕ್ಕೆ ಹೋದೆ. ತಮ್ಮ ಶಾಲೆಯಿಂದ ಹೊರಗೆ ಬಂದ. ನಿಂತಲ್ಲೇ ಎಲ್ಲ ಹೇಳಿದೆ.

"ಯಾರಿಗೋ ಹ್ವಾತು ಅಂದಿ. ಅವ ಯಾರು ಅಂತ ವರ್ಷಪೂರ್ತಿ ನೆನಸೀನಿ. ನನಗಿಂತ ಶಾಣ್ಯಾ ಇರಬೇಕು ಅಂದ್ಕೊಂಡಿದ್ದೆ," ಎಂದ.

ಇಷ್ಟು ಹೇಳಿ ಒಳಗೆ ಹೋದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎಲ್ಲೂ ಇಲ್ಲದ ಒಬ್ಬನನ್ನು ನಾನು ಹುಟ್ಟಿಸಿ, ಅವನ ಹಿಂದೆ ನನ್ನ ತಮ್ಮನನ್ನು ನಿಲ್ಲಿಸಿದ್ದೆ.

ಅಲ್ಲಿಂದ ಊರಿಗೆ ಬರಲಿಲ್ಲ. ಯಾದಗಿರಿಗೆ ಹೋಗಿ, ಜನ್ಮದಲ್ಲಿ ಮೊದಲ ಸಲ ರೈಲು ಹತ್ತಿದೆ. ಹೈದರಾಬಾದಿನಲ್ಲಿ ಮೇಷ್ಟ್ರ ಮನೆ ಹುಡುಕಲು ಇಡೀ ದಿನ ಹಿಡಿಯಿತು. ಅವರು ಗುರುತು ಹಿಡಿದರು, ನೀರು ಕೊಡಿಸಿದರು. ಕಳಿಸುತ್ತೇನೆ ಎಂದೆ. ಈ ಸರದಿ ಮುಗಿದಿದೆ, ಮುಂದಿನದಕ್ಕೆ ಹೊಸ ಹುಡುಗರು ಇದ್ದಾರೆ, ಅವನೂ ಅವರ ಸಾಲಿನಲ್ಲೇ ನಿಲ್ಲಬೇಕು ಎಂದರು. ನಿಲ್ಲುತ್ತಾನೆ ಎಂದೆ. ಕೊನೆಯಲ್ಲಿ ನಿಲ್ಲಬೇಕಾದೀತು ಎಂದರು. ಕೊನೆಯಲ್ಲೇ ನಿಲ್ಲುತ್ತಾನೆ ಎಂದೆ. ಮೇಷ್ಟ್ರು ನಗಲಿಲ್ಲ, ಆಗಲಿ ಎಂದು ತಲೆಯಾಡಿಸಿದರು.

ತಮ್ಮನನ್ನು ಒಪ್ಪಿಸಲು ಅದಕ್ಕಿಂತ ಕಷ್ಟವಾಯಿತು. ವಾರವಾರ ಶಹಾಪುರಕ್ಕೆ ಹೋಗಿ ಶಾಲೆಯ ಕಟ್ಟೆಯ ಮೇಲೆ ಕೂತೆ. ಅವನು ಮಾತಾಡಿಸದಿದ್ದರೂ ನಾನು ಎದ್ದು ಬರಲಿಲ್ಲ. ಅಟ್ಟದ ಸೀಸೆಗಳನ್ನು ತೊಳೆದು ಅವನ ಮುಂದಿಟ್ಟೆ. ಕೊನೆಗೊಂದು ದಿನ ಭೀಮೆಯ ಒರತೆಯ ನೀರನ್ನು ತುಂಬಿ ತಂದು ಕೊಟ್ಟೆ. ಬಿಸಿಲಿಗೆ ಹಿಡಿದು ನೋಡಿ, ಇದನ್ನು ಎಷ್ಟನೆಯ ಹಿಂಡು ಕುಡಿದ ಮೇಲೆ ತುಂಬಿದೆ ಎಂದು ಕೇಳಿದ. ಅಷ್ಟು ದಿನಗಳಲ್ಲಿ ಅವನು ನನಗೆ ಆಡಿದ ಮೊದಲ ಮಾತು ಅದು.

ಮುಂದಿನ ಸರದಿಯ ಸಾಲಿನಲ್ಲಿ ಕೊನೆಗೆ ನಿಂತ ಅವನಿಗೆ ಜಾಗ ಸಿಕ್ಕಿತು. ಆದರೆ ಅವನು ಹೋಗುವಷ್ಟರಲ್ಲಿ ಆ ಪಂಡಿತರು ಕೆಲಸದಿಂದ ಇಳಿದಿದ್ದರು. ಅವರ ಶಿಷ್ಯರ ಕೈಕೆಳಗೆ ಕಲಿತ. ಪಂಡಿತರ ಬಳಿಯೇ ಕೂತಿದ್ದರೆ ಏನಾಗುತ್ತಿತ್ತೋ, ಅದನ್ನು ನಾನು ತಿರುಗಿ ಕೊಡಲಾರೆ. ಅವನೂ ಕೇಳಿಲ್ಲ.

ಅವನು ಹೊರಟ ದಿನ ಯಾದಗಿರಿಯಲ್ಲಿ ಗಾಡಿ ಬಂದು ನಿಂತಾಗ, ಹಿಂದೆ ಮೇಷ್ಟ್ರು ನಿಂತಿದ್ದ ಹಾಗೆಯೇ ಅವನು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ.

"ಹೂಂ," ಎಂದೆ. ಗಾಡಿ ಇನ್ನೂ ಹೊರಟಿರಲಿಲ್ಲ.