ದೊಡ್ಡ ಪರದೆ, ಎಳ್ಳಿನಂಥ ಅಕ್ಷರ

ನಾನು ನಡೆಸುವ ಔಷಧದ ಗೋದಾಮಿನ ಬಿಲ್ಲಿಂಗ್ ಅಕ್ಕನನ್ನು ಸರಕಿನಂತೆ ಪರೀಕ್ಷಿಸಿದರೆ ಹೀಗೆ: ಐವತ್ತೆರಡು ವರ್ಷ ಬಳಸಿದ್ದು, ಮಂಡಿ ಸವೆದಿದೆ, ನಾಲಿಗೆ ಮಾತ್ರ ಹೊಸದರಂತೆ ಹರಿತ. ಹತ್ತೊಂಬತ್ತು ವರ್ಷದಲ್ಲಿ ಅವಳು ಮಾಡಿದ ಒಂದು ಬಿಲ್ಲೂ ವಾಪಸ್ ಬಂದದ್ದಿಲ್ಲ. ಮನೆಯಲ್ಲಿ ಅತ್ತೆ, ಓದುತ್ತಿರುವ ಮಗಳು. ದುಡಿಯುವ ಕೈ ಇದೊಂದೇ. ಇಷ್ಟೆಲ್ಲ ನೋಡಿದ ನಾನು ನೋಡದೆ ಬಿಟ್ಟದ್ದು ಅವಳ ಕಣ್ಣು.

ಹಳೆಯ ಗಿಡ್ಡ ಮಾನಿಟರ್ ಎತ್ತಿ ಮೇಜಿನಗಲದ ಹೊಸದನ್ನು ಇಟ್ಟ ದಿನವೇ ಅಕ್ಕ ಕಣ್ಣು ಕಿರಿದು ಮಾಡಿ ಪರದೆಯತ್ತ ಬಾಗಿದಳು. ಪರದೆ ಎರಡರಷ್ಟು, ಅಕ್ಷರ ಅರ್ಧದಷ್ಟು. ಹಳೆಯ ಬಿಲ್ಲಿಂಗ್ ಪ್ರೋಗ್ರಾಮಿನ ಸಾಲುಗಳು ಎಳ್ಳು ಚೆಲ್ಲಿದಂತೆ ಕಂಡವು.

“ಸಾರ್, ಅಕ್ಷರ ತೀರಾ ಚಿಕ್ಕದಾಯ್ತು.”

“ಇಷ್ಟು ದೊಡ್ಡ ಪರದೇನೂ ಕಾಣಲ್ವಾ? ಇನ್ನೇನು, ಗೋಡೆಗೆ ಸಿನಿಮಾ ಪರದೆ ಕಟ್ಟಿಸ್ಲಾ?” ಎಂದೆ.

ಗೋದಾಮೆಲ್ಲ ನಕ್ಕಿತು. ಅಕ್ಕನೂ ನಕ್ಕಳು, ಮತ್ತೆ ಬಾಯಿ ಬಿಡಲಿಲ್ಲ. ಕಣ್ಣು ಹೋಯಿತೆಂದು ಗೊತ್ತಾದರೆ ಕುರ್ಚಿಯೂ ಹೋದೀತು ಎಂಬ ಹೆದರಿಕೆ.

ಅವಳೇ ತಡಕಾಡಿ ರೆಸಲ್ಯೂಶನ್ ಇಳಿಸಿದಳು. ಅಕ್ಷರ ಉಬ್ಬಿತು, ಅಂಚು ಮಸುಕಾಯಿತು. ಪಟ್ಟಿ ಮಾತ್ರ ಪರದೆಯಲ್ಲಿ ಹಿಡಿಸದೆ ಬಲತುದಿಯ ಕಾಲಂ ಆಚೆ ಉಳಿಯಿತು. ಔಷಧ ಎಷ್ಟು ಬಲದ್ದು ಎಂದು ಹೇಳುವ ಕಾಲಂ ಅದೇ. ಆದರೇನು, ಸಾಲುಗಳು ಬಾಯಿಪಾಠ: ಮಕ್ಕಳ ಜ್ವರದ ಸಿರಪ್ಪಿನಲ್ಲಿ ಮೇಲಿನದು ನೂರಿಪ್ಪತ್ತು ಮಿಲಿಗ್ರಾಂ, ಕೆಳಗಿನದು ಇನ್ನೂರೈವತ್ತು.

ಮೂರನೇ ವಾರ ಹೊಸ ಸರಕು ಸೇರಿ ಆ ಸಾಲುಗಳು ಅದಲುಬದಲಾದವು. ಅಕ್ಕ ಎಂದಿನಂತೆ ಮೇಲಿನದನ್ನೇ ಒತ್ತಿದಳು.

“ಅಕ್ಕಾ, ಮಕ್ಕಳ ಆಸ್ಪತ್ರೆಯವ್ರು ಇವತ್ತು ಇನ್ನೂರೈವತ್ತರದ್ದು ಕೇಳಿದ್ರಾ?” ಪ್ಯಾಕಿಂಗಿನವನು ಊಟದ ಡಬ್ಬಿ ಬಿಚ್ಚುತ್ತ ಕೇಳಿದ. “ಬಿಲ್ಲಲ್ಲಿ ಹಾಗೇ ಇತ್ತು, ಕಟ್ಟಿ ಕಳಿಸ್ದೆ.”

“ವ್ಯಾನ್ ಎಲ್ಲಿ?”

“ಹೋಗಿ ಎರಡು ಗಂಟೆ ಆಯ್ತಲ್ಲ.”

ಚಾಲಕ ಫೋನ್ ಎತ್ತಲಿಲ್ಲ, ಆಸ್ಪತ್ರೆಯದು ಬರೀ ಎಂಗೇಜ್. ಅಕ್ಕ ಚಪ್ಪಲಿಯನ್ನೂ ಮೆಟ್ಟದೆ ಆಟೋ ಹತ್ತಿದಳು. ಅಲ್ಲಿ ಪೆಟ್ಟಿಗೆ ಆಗಲೇ ಬಿಚ್ಚಿದ್ದರು, ಎರಡು ಬಾಟಲಿ ವಾರ್ಡಿಗೆ ಹೋಗಿತ್ತು. ಒಂದು ನರ್ಸಿನ ಮೇಜಿನ ಮೇಲೇ ಸಿಕ್ಕಿತು. ಇನ್ನೊಂದರ ಪಕ್ಕ ಒಬ್ಬ ತಾಯಿ ಚಮಚ ಒರೆಸುತ್ತಿದ್ದಳು.

“ಕುಡಿಸಿದ್ರಾ?”

“ಈಗ ತಾನೇ. ಯಾಕಮ್ಮಾ?”

ಅಕ್ಕ ಹೇಳಿದಳು. ಹೇಳುವಾಗ ಮಂಚದ ಕಂಬಿ ಹಿಡಿದುಕೊಂಡಿದ್ದಳು.

ಡಾಕ್ಟರು ಬಂದರು. “ಎರಡರಷ್ಟು ಹೋಗಿದೆ. ಸಂಜೆವರೆಗೆ ನೋಡ್ಬೇಕು.”

ಸಂಜೆಯವರೆಗೂ ಅಕ್ಕ ವಾರ್ಡಿನ ಬಾಗಿಲಲ್ಲಿ ನೆಲದ ಮೇಲೆ ಕೂತಳು. ಮಗುವಿನ ಎದೆ ಏರಿಳಿಯುವುದು ಅಷ್ಟು ದೂರದಿಂದ ಅವಳಿಗೆ ಕಾಣುತ್ತಿರಲಿಲ್ಲ. ಹತ್ತಿರ ಹೋಗೋಣವೆಂದರೆ ಆ ತಾಯಿಯ ಮುಖ ತಡೆಯುತ್ತಿತ್ತು. ಕೊನೆಗೆ ಮಗು ಹಾಲಿಗೆ ಅತ್ತಿತು. ಇಬ್ಬರು ಹೆಂಗಸರೂ ಅತ್ತರು.

ಅಕ್ಕ ಮನೆಗೆ ಹೋಗದೆ ನೇರ ಗೋದಾಮಿಗೆ ಬಂದಳು. “ತಪ್ಪು ನಂದೇ ಸಾರ್. ಆ ಕಾಲಂ ನಂಗೆ ಕಾಣ್ತಾನೇ ಇರ್ಲಿಲ್ಲ. ಬೇರೆಯವ್ರನ್ನ ನೋಡ್ಕೊಳ್ಳಿ,” ಎಂದು ಡ್ರಾಯರಿನ ಬೀಗದಕೈ ಇಟ್ಟಳು.

ಅವಳ ಕುರ್ಚಿಯಲ್ಲಿ ಕೂತು ಪರದೆಯನ್ನು ಅವಳು ರೆಸಲ್ಯೂಶನ್ ಇಳಿಸುವ ಮೊದಲು ಇದ್ದಂತೆ ಮಾಡಿಸಿ ನೋಡಿದೆ. ನನಗೂ ಒಂದು ಸಾಲೂ ಓದಲಾಗಲಿಲ್ಲ.

ಹಳೆಯ ಮಾನಿಟರನ್ನು ಅಟ್ಟದಿಂದ ಇಳಿಸಿ, ಬೀಗದಕೈಯನ್ನು ಅವಳ ಕೈಗೇ ಕೊಟ್ಟಿದ್ದೇನೆ. ಎಲ್ಲರೆದುರು ನಗೆಯಾಡಿದ್ದಕ್ಕೆ ಎಲ್ಲರೆದುರೇ ಕೇಳಬೇಕಾದ ಕ್ಷಮೆಯನ್ನು ನಾನಿನ್ನೂ ಕೇಳಿಲ್ಲ.